ಹಿಂದಿನಿಂದ ಗುದ್ದಿಸಿಕೊಂಡ ಕಾರನ್ನು ಕತ್ತರಿಸದೆ ಸರಿಪಡಿಸಿದ್ದು: ನನ್ನ ಅನುಭವ

ಬ್ಯಾಕ್ ಪ್ಯಾನೆಲ್ (ಹಿಂದಿನ ಬಂಪರಿನ ಒಳಗಿರುವ ಅಡ್ಡ ತಗಡು) ಒಳಗೆ ಹೋದ ಕಾರು ಬಂದರೆ ಕತ್ತರಿಸಿ ಹೊಸದನ್ನು ಬೆಸೆಯುವುದೊಂದೇ ದಾರಿ ಎಂದು ನಮ್ಮ ಕಡೆಯ, ಕಾರಿನ ತಗಡಿನ ಕೆಲಸ ಮಾಡುವ ಹಿರಿಯ ಟಿಂಕರ್‌ಗಳು ಹೇಳುತ್ತ ಬಂದಿದ್ದಾರೆ. ಎಳೆದು ತರಬಹುದು ಎಂದು ನಾನು ವಾದಿಸಿದಾಗಲೆಲ್ಲ "ಎಳೆದರೆ ತಗಡು ಬರುತ್ತದೆ, ಅಳತೆ ಬರುವುದಿಲ್ಲ ಮಾರಾಯ" ಎಂಬ ಉತ್ತರವೇ ಸಿಗುತ್ತಿತ್ತು. ಅವರ ಮಾತಿಗೆ ಕಾರಣವೂ ಇತ್ತು. ಮೂರು ವರ್ಷದ ಹಿಂದೆ ತೀರ್ಥಹಳ್ಳಿಯ ನನ್ನ ಶೆಡ್ಡಿನ ಹಿಂದಿರುವ ಹಲಸಿನ ಮರಕ್ಕೆ ಚೈನು ಕಟ್ಟಿ, ಇನ್ನೊಂದು ತುದಿಯನ್ನು ಪ್ಯಾನೆಲ್‌ಗೆ ಸಿಕ್ಕಿಸಿ, ಕಾರನ್ನೇ ಮುಂದಕ್ಕೆ ಜಗ್ಗಿಸಿ ಎಳೆದಿದ್ದೆ. ಪ್ಯಾನೆಲ್ ಹೊರಗೆ ಬಂತು, ಅದರ ಜೊತೆಗೆ ಡಿಕ್ಕಿಯ ತಳದ, ತಗಡುಗಳನ್ನು ಚುಕ್ಕಿ ಚುಕ್ಕಿಯಾಗಿ ಕೂಡಿಸುವ ಐದಾರು ಸ್ಪಾಟ್ ವೆಲ್ಡ್‌ಗಳು ಕಿತ್ತವು, ಎಡಗಡೆಯ, ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್‌ನಲ್ಲಿ ಬೆರಳುದ್ದದ ಮಡಿಕೆ ಬಿತ್ತು. ಆ ಕೆಲಸದಲ್ಲಿ ಕೈಯಿಂದ ಏಳು ಸಾವಿರದಷ್ಟು ಕಳೆದುಕೊಂಡೆ.

ಈ ಸಲದ ಕಾರು ಮೇಗರವಳ್ಳಿ ಕಡೆಯ ಒಬ್ಬ ಮೇಷ್ಟರದು, ಆರು ವರ್ಷ ಹಳೆಯ ಸಣ್ಣ ಹ್ಯಾಚ್‌ಬ್ಯಾಕ್. ಮೇ ಕೊನೆಯ ಭಾನುವಾರ ಶಿವಮೊಗ್ಗದಿಂದ ಬರುವಾಗ ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಮುಂದಿನ ವಾಹನಗಳು ನಿಂತವು, ಇವರೂ ಬ್ರೇಕ್ ಒತ್ತಿದರು, ಹಿಂದಿದ್ದ ಪಿಕಪ್ ಮಾತ್ರ ನಿಲ್ಲಲಿಲ್ಲ. ಪಿಕಪ್‌ನ ಬಂಪರು ಎತ್ತರವಾದ್ದರಿಂದ ಹೊಡೆತದ ಬಹುಪಾಲು ಕಾರಿನ ಬಂಪರಿನ ಮೇಲಂಚಿಗೆ, ಡಿಕ್ಕಿ ಬಾಗಿಲಿನ ಕೆಳಭಾಗಕ್ಕೆ ಮತ್ತು ಬ್ಯಾಕ್ ಪ್ಯಾನೆಲ್‌ಗೆ ಬಿದ್ದಿತ್ತು. ಹೊರಗಿನಿಂದ ನೋಡಿದರೆ ಬಂಪರಿನಲ್ಲಿ ಒಂದು ಗುಳಿ, ಒಂದು ಗೇಣು ಸೀಳು, ಡಿಕ್ಕಿ ಬಾಗಿಲಿನಲ್ಲಿ ಒಂದು ಗುಳಿ, ಒಡೆದ ಬಲಗಡೆಯ ಲ್ಯಾಂಪ್ ಇಷ್ಟೇ ಕಾಣುತ್ತಿತ್ತು.

ಮೇಷ್ಟರು ಮೊದಲು ಶಿವಮೊಗ್ಗದಲ್ಲಿ ವಿಚಾರಿಸಿ ಮೂವತ್ತೆಂಟು ಸಾವಿರದ ಅಂದಾಜು ಪಟ್ಟಿ ತಂದಿದ್ದರು. ಹೊಸ ಬಂಪರು, ಹೊಸ ಡಿಕ್ಕಿ ಬಾಗಿಲು, ಹೊಸ ಬ್ಯಾಕ್ ಪ್ಯಾನೆಲ್, ಲ್ಯಾಂಪ್, ಮೇಲೆ ಕೂಲಿ ಮತ್ತು ಬಣ್ಣ ಎಲ್ಲವೂ ಅದರಲ್ಲಿತ್ತು. ವಿಮೆ ಇದೆಯಲ್ಲ ಎಂಬುದು ಅವರ ಧೈರ್ಯ. ಆದರೆ ಅವರ ಪಾಲಿಸಿಯಲ್ಲಿ ಝೀರೋ ಡೆಪ್ರಿಸಿಯೇಷನ್ (ಭಾಗ ಹಳೆಯದೆಂದು ಬೆಲೆ ಮುರಿಯದೆ ಕೊಡುವ ಷರತ್ತು) ಇರಲಿಲ್ಲ. ಐದು ವರ್ಷ ದಾಟಿದ ಕಾರಿನ ತಗಡಿನ ಭಾಗಕ್ಕೆ ಶೇ. 40, ಪ್ಲಾಸ್ಟಿಕ್ ಮತ್ತು ರಬ್ಬರಿಗೆ ಶೇ. 50 ಮುರಿದುಕೊಳ್ಳುತ್ತಾರೆ, ಸಣ್ಣ ಎಂಜಿನ್ನಿನ ಕಾರಿಗೆ ಕಡ್ಡಾಯವಾಗಿ ಕಳೆಯುವ ಸಾವಿರ ರೂಪಾಯಿ ಬೇರೆ. ಅವರ ಕೈಯಿಂದಲೇ ಹನ್ನೊಂದು ಹನ್ನೆರಡು ಸಾವಿರ ಹೋಗುತ್ತಿತ್ತು. ಅದರ ಮೇಲೆ ನೋ ಕ್ಲೈಮ್ ಬೋನಸ್ಸಿನ, ಅಂದರೆ ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿಯ, ನಷ್ಟ. ಶೇ. 50ಕ್ಕೆ ಮುಟ್ಟಿದ್ದ ಬೋನಸ್ಸು ಒಂದು ಕ್ಲೈಮಿನಿಂದ ಸೊನ್ನೆಗೆ ಬಂದು, ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಬೇಕು. ಐದು ವರ್ಷದ ನಷ್ಟವನ್ನು ಕೂಡಿದರೆ ಒಂದು ವರ್ಷದ ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಗೆ ಕಟ್ಟುವ) ಪ್ರೀಮಿಯಮ್ಮಿನ ಒಂದೂಕಾಲು ಪಟ್ಟು ಆಗುತ್ತದೆ. ಅವರಿಗೆ ಅದು ಸುಮಾರು ಆರು ಸಾವಿರ. "ಮೇಷ್ಟ್ರೇ, ಹನ್ನೆರಡು ಸಾವಿರದೊಳಗೆ ನಾನೇ ಮಾಡಿಕೊಡುತ್ತೇನೆ, ಡಿಕ್ಕಿಯೊಳಗೆ ಒಂದು ಹನಿ ನೀರು ಬಂದರೂ ದುಡ್ಡು ಕೊಡಬೇಡಿ" ಎಂದು ಒಪ್ಪಿಸಿದೆ.

ಬಂಪರು ಬಿಚ್ಚಿ, ಸ್ಟೆಪ್ನಿ ಎತ್ತಿ, ಒಳಗಿನ ಹಾಸು ತೆಗೆದ ಮೇಲೆಯೇ ನಿಜವಾದ ಪೆಟ್ಟು ಕಂಡಿತು. ಸ್ಟೆಪ್ನಿ ಗುಂಡಿಯ ಬಲ ಅಂಚಿನಲ್ಲಿ ತಗಡು ಸುಕ್ಕಾಗಿತ್ತು ಮತ್ತು ಜೋಡಣೆಯ ಮೇಲೆ ನೀರು ಬಾರದಂತೆ ಹಚ್ಚಿದ್ದ ಸೀಲರ್ ಕೂದಲೆಳೆಯಷ್ಟು ಬಿರಿದಿತ್ತು. ಆ ಬಿರುಕನ್ನು ಉಗುರಿನಿಂದ ಸವರಿದರೆ ಮಾತ್ರ ಗೊತ್ತಾಗುತ್ತಿತ್ತು, ಕಣ್ಣಿಗೆ ಧೂಳಿನ ಗೆರೆಯಂತೆ ಕಾಣುತ್ತಿತ್ತು. ಡಿಕ್ಕಿ ಬಾಯಿಯನ್ನು ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಅಳೆದಾಗ ಒಂದು ಕಡೆ ಹನ್ನೊಂದು ಮಿ.ಮೀ. ಕಡಿಮೆ ಬಂತು. ಎರಡೂ ಬದಿಯ ಚಕ್ರಗಳ ನಡುವಿನ ಅಂತರ ಸಮವಾಗಿತ್ತು, ಹಿಂದಿನ ಬಾಗಿಲುಗಳ ಸಂದು ಕೆಟ್ಟಿರಲಿಲ್ಲ, ಚಾವಣಿಯಲ್ಲಿ ಅಲೆ ಬಿದ್ದಿರಲಿಲ್ಲ. ಇವು ಕೆಟ್ಟಿದ್ದರೆ ನಾನು ಈ ಕೆಲಸವನ್ನು ಒಪ್ಪಿಕೊಳ್ಳುತ್ತಲೇ ಇರಲಿಲ್ಲ. ಸೈಲೆನ್ಸರಿನ ಒಂದು ರಬ್ಬರು ಹರಿದು ಪೈಪು ತಳಕ್ಕೆ ತಾಗುತ್ತಿತ್ತು. ಮುಂದಿನ ಎರಡು ಸೀಟುಗಳ ಬೆನ್ನಿನ ಲಾಕನ್ನೂ ನೋಡಿದೆ, ಏಕೆಂದರೆ ಹಿಂದಿನಿಂದ ಬಿದ್ದ ಹೊಡೆತದಲ್ಲಿ ಕೂತವರ ಭಾರವೆಲ್ಲ ಸೀಟಿನ ಬೆನ್ನಿಗೇ ಬೀಳುತ್ತದೆ, ಆದರೂ ನಮ್ಮಲ್ಲಿ ಬಹಳ ಜನ ಅದನ್ನು ಮುಟ್ಟಿ ನೋಡುವುದಿಲ್ಲ.

ಹಳೆಯ ತಪ್ಪಿನಿಂದ ನಾನು ಕಲಿತದ್ದು ಜಗ್ಗಬಾರದು ಎಂಬುದನ್ನು. ಈ ಸಲ ಕಾರಿನ ಮುಂಭಾಗವನ್ನು ಶೆಡ್ಡಿನ ಕಂಬಗಳಿಗೆ ಬಿಗಿದು, ಹಿಂದೆ ಒಂದು ಟನ್ನಿನ ಚೈನ್ ಪುಲ್ಲಿ ಕಟ್ಟಿ, ಬ್ಯಾಕ್ ಪ್ಯಾನೆಲ್‌ನ ಉದ್ದಕ್ಕೂ ದಪ್ಪ ಪಟ್ಟಿಯೊಂದನ್ನು ಬೋಲ್ಟ್ ಹಾಕಿ ಕೂರಿಸಿ, ಹೊಡೆತ ಯಾವ ಕೋನದಲ್ಲಿ ಬಂದಿತ್ತೋ ಅದೇ ಕೋನದಲ್ಲಿ ಹಿಂದಕ್ಕೆ ಬಿಗಿ ಕೊಟ್ಟೆ. ಎರಡು ಮಿ.ಮೀ. ಬಂದರೆ ನಿಲ್ಲಿಸಿ, ಬಿಗಿ ಸಡಿಲಿಸದೆ, ಸುಕ್ಕಿನ ಸುತ್ತ ಮರದ ತುಂಡಿಟ್ಟು ಹಗುರವಾಗಿ ಬಡಿಯುತ್ತ ಹೋದೆ. ಬಿಗಿಯಲ್ಲಿರುವಾಗ ಬಡಿದರೆ ತಗಡಿನೊಳಗೆ ಹಿಡಿದುಕೊಂಡಿರುವ ಸೆಳೆತ ಬಿಡುತ್ತದೆ, ಬಡಿಯದೆ ಎಳೆದರೆ ಎಲ್ಲೋ ಒಂದು ಕಡೆ ಹರಿಯುತ್ತದೆ. ಯಾವ ಜಾಗದಿಂದ ಬಡಿತ ಶುರುಮಾಡಿ ಯಾವ ಜಾಗದಲ್ಲಿ ಮುಗಿಸಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕಾಗಿ ನಾನು ಮೂರು ಹಳೆಯ ಕಾರುಗಳ ಹಿಂಭಾಗವನ್ನು ಗುಜರಿಯಿಂದ ತಂದು ಹಾಳುಮಾಡಿದ್ದೇನೆ. ಬಿಗಿ ಬಿಟ್ಟ ಮೇಲೆ ತಗಡು ಸ್ವಲ್ಪ ಮತ್ತೆ ಒಳಕ್ಕೆ ಹೋಗುವುದರಿಂದ ಎರಡು ಮೂರು ಮಿ.ಮೀ. ಹೆಚ್ಚಿಗೆ ಎಳೆದೆ. ನಾಲ್ಕು ಗಂಟೆ ಹಿಡಿಯಿತು. ಕೊನೆಯಲ್ಲಿ ಮೂಲೆಯ ಅಳತೆಗಳ ವ್ಯತ್ಯಾಸ ಎರಡು ಮಿ.ಮೀ.ಗೆ ಇಳಿದಿತ್ತು ಮತ್ತು ಕಂಪನಿಯ ಸ್ಪಾಟ್ ವೆಲ್ಡ್ ಒಂದೂ ಕಿತ್ತಿರಲಿಲ್ಲ. ಡಿಕ್ಕಿ ಬಾಗಿಲಿನ ಗುಳಿಗೆ ವಾಷರ್ ಬೆಸೆದು ಎಳೆಯುವ ಎಲ್ಲರ ವಿಧಾನವೇ ಸಾಕಾಯಿತು.

ಬಂಪರಿನ ಗುಳಿಯನ್ನು ತೆಗೆದದ್ದು ಬಚ್ಚಲ ಹಂಡೆಯ ಬಿಸಿನೀರು. ಕುದಿಯುವ ನೀರನ್ನು ಮೂರು ಕೊಡ ನಿಧಾನವಾಗಿ ಸುರಿದು, ಒಳಗಿನಿಂದ ಗೋಣಿತಾಟು ಸುತ್ತಿದ ಅಂಗೈಯಿಂದ ಒತ್ತಿದಾಗ ಗುಳಿ ಒಂದೇ ಸಲಕ್ಕೆ ಟಪ್ಪೆಂದು ಹೊರಗೆ ಬಂತು, ಕೂಡಲೇ ತಣ್ಣೀರು ಸುರಿದೆ. ಸೀಳಿನ ಕಥೆ ಬೇರೆ. ಹಿಂದೊಮ್ಮೆ ಎಪಾಕ್ಸಿ ಅಂಟು ಹಾಕಿ ಎರಡು ತಿಂಗಳಲ್ಲಿ ಕಳಚಿ ಬಿದ್ದು ಗಿರಾಕಿಯ ಮುಂದೆ ತಲೆ ತಗ್ಗಿಸಿದ್ದೆ, ಪಾಲಿಪ್ರೊಪಿಲೀನ್ ಬಂಪರಿಗೆ ಅಂಟು ಕಚ್ಚುವುದಿಲ್ಲ. ಆಮೇಲೆ ಬಿಸಿಗಾಳಿಯ ಗನ್ನಿನಿಂದ ಬೆಸೆಯಲು ಕಲಿತೆ. ಕಡ್ಡಿಗಾಗಿ ಬಣ್ಣದ ಡಬ್ಬಿಯ ಮುಚ್ಚಳವನ್ನು ಸೀಳಿ ಬಳಸಿ ನೋಡಿದ್ದೂ ಉಂಟು, ಕರಗಿ ಕೂಡಿಕೊಂಡಿತು, ಆದರೆ ತಣಿದ ಮೇಲೆ ಬಂಪರು ಬಾಗುವಷ್ಟು ಅದು ಬಾಗದೆ ಬದಿಯಲ್ಲೇ ಬಿರುಕು ಬಿಟ್ಟಿತು. ಈಗ ಬಂಪರಿನ ಒಳಬದಿಯಲ್ಲಿರುವ ಪ್ಲಾಸ್ಟಿಕ್ಕಿನ ಜಾತಿಯ ಗುರುತನ್ನು ಓದಿ, ಅದೇ ಗುರುತಿರುವ ಗುಜರಿ ಬಂಪರಿನ ಪಟ್ಟಿಗಳನ್ನೇ ಕಡ್ಡಿಯಾಗಿ ಬಳಸುತ್ತೇನೆ. ಖರ್ಚು ನೂರು ರೂಪಾಯಿಯೂ ಇಲ್ಲ. ಒಳಗಿನಿಂದ ತಂತಿಯ ಜಾಲರಿ ಕೂರಿಸಿ ಎರಡೂ ಕಡೆ ಬೆಸೆದದ್ದನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿ ನೋಡಿದರೂ ಬಿಡಲಿಲ್ಲ.

ಬಣ್ಣದಲ್ಲಿ ಮಾತ್ರ ಮಳೆ ಸೋಲಿಸಿತು. ಜೂನ್ ಎರಡನೇ ವಾರ ಹೊಡೆದ ಬಣ್ಣ ಬೆಳಗಾಗುವಷ್ಟರಲ್ಲಿ ಬಿಳಿ ಮಬ್ಬು ಹಿಡಿದಿತ್ತು. ಥಿನ್ನರ್ ಆರುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಮೇಲೆ ಕೂರುತ್ತದೆ. ಎಲ್ಲವನ್ನೂ ತಿಕ್ಕಿ ತೆಗೆದು, ನಿಧಾನ ಆರುವ ಥಿನ್ನರ್ ತಂದು, ಎರಡು ಹ್ಯಾಲೊಜನ್ ದೀಪಗಳಿಂದ ತಗಡನ್ನು ಮೊದಲೇ ಬೆಚ್ಚಗೆ ಮಾಡಿಕೊಂಡು, ಮಳೆ ಬಿಟ್ಟ ಒಂದು ಮಧ್ಯಾಹ್ನ ಮತ್ತೆ ಹೊಡೆದೆ. ಎರಡನೇ ಸಲದ ಸಾಮಾನಿಗೆ ಸಾವಿರದ ನಾನೂರು ನನ್ನ ಕೈಯಿಂದಲೇ ಹೋಯಿತು, ಅದನ್ನು ಮೇಷ್ಟರಿಂದ ಕೇಳಲಿಲ್ಲ.

ನಮ್ಮ ಸೀಮೆಯಲ್ಲಿ ಈ ಕೆಲಸದ ಪರೀಕ್ಷೆ ನೀರಿನದು. ಆಗುಂಬೆಯ ಹಾದಿಯಲ್ಲಿ ಓಡುವ ಕಾರಿನ ಡಿಕ್ಕಿಯಲ್ಲಿ ಬಿರಿದ ಸೀಲರ್ ಉಳಿದರೆ ಸ್ಟೆಪ್ನಿ ಗುಂಡಿ ಒಂದೇ ವಾರದಲ್ಲಿ ತುಂಬುತ್ತದೆ, ಒಂದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಆ ಸಂದಿನಿಂದ ಸೈಲೆನ್ಸರಿನ ಹೊಗೆಯೂ ಒಳಗೆ ಸೇರುತ್ತದೆ ಎಂಬುದು ಇನ್ನೂ ಗಂಭೀರವಾದ ಮಾತು. ಹಳೆಯ ಸೀಲರನ್ನು ಪೂರ್ತಿ ಕೆರೆದು ತೆಗೆದು, ಪ್ರೈಮರ್ ಹೊಡೆದು ಹೊಸದು ಹಾಕಿದೆ. ಆಮೇಲೆ ನಾನು ಟಾರ್ಚ್ ಹಿಡಿದು ಡಿಕ್ಕಿಯೊಳಗೆ ಕೂತೆ, ಕೆಲಸದ ಹುಡುಗ ಹೊರಗಿನಿಂದ ಕೆಳಗಿನಿಂದ ಮೇಲಕ್ಕೆ ಪೈಪಿನಲ್ಲಿ ನೀರು ಹಿಡಿದ. ಮೊದಲ ಸಲ ಬಲಗಡೆ ಲ್ಯಾಂಪಿನ ಹಿಂದೆ ಒಂದು ಹನಿ ಇಳಿಯಿತು. ಲ್ಯಾಂಪಿನ ಗ್ಯಾಸ್ಕೆಟ್ ಬದಲಿಸಿದ ಮೇಲೆ ಅರ್ಧ ಗಂಟೆ ಹಿಡಿದರೂ ಒಳಗೆ ಒಣಗಿತ್ತು. ಬೇಸಿಗೆಯಲ್ಲಾದರೆ ನಾನು ಇನ್ನೊಂದು ಪರೀಕ್ಷೆ ಮಾಡುತ್ತೇನೆ: ಡಿಕ್ಕಿಯ ಅಂಚಿಗೆಲ್ಲ ಬಿಳಿ ಪಂಚೆ ಹಾಸಿ ಮಣ್ಣು ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿದರೆ ಸಂದು ಎಲ್ಲಿದೆಯೋ ಅಲ್ಲಿಯೇ ಕೆಂಪು ಗೆರೆ ಬೀಳುತ್ತದೆ.

ಲ್ಯಾಂಪ್, ಬಣ್ಣ, ಸೀಲರ್, ಕೂಲಿ ಎಲ್ಲ ಸೇರಿ ಮೇಷ್ಟರು ಹನ್ನೊಂದೂವರೆ ಸಾವಿರ ಕೊಟ್ಟರು. ಸ್ಟೆಪ್ನಿಯ ಕೆಳಗೆ ಹಾಸಿ ಕಳಿಸಿದ್ದ ದಿನಪತ್ರಿಕೆಯನ್ನು ಸೆಪ್ಟೆಂಬರಿನಲ್ಲಿ ಅವರ ಎದುರಿಗೇ ತೆಗೆದು ನೋಡಿದೆವು, ಒಂದು ಮೂಲೆಯೂ ನೆನೆದಿರಲಿಲ್ಲ. ಎಳೆದರೆ ಅಳತೆ ಬರುವುದಿಲ್ಲ ಎಂದಿದ್ದ ಶಿವಮೊಗ್ಗದ ಹಿರಿಯರೊಬ್ಬರು ಬಂದು ತಾವೇ ಟೇಪು ಹಿಡಿದು ಅಳೆದು, ಪಟ್ಟಿಗೆ ಬೋಲ್ಟ್ ಎಲ್ಲೆಲ್ಲಿ ಹಾಕಿದೆ ಎಂದು ಕೇಳಿ ಬರೆದುಕೊಂಡು ಹೋದರು. ಡಿಕ್ಕಿ ಬಾಗಿಲು ಮತ್ತು ಬಲಗಡೆ ಲ್ಯಾಂಪಿನ ನಡುವೆ ಒಂದು ಮಿ.ಮೀ. ಸಂದು ಈಗಲೂ ಹೆಚ್ಚಿದೆ. ಕೊಯ್ಲು ಮುಗಿದ ಮೇಲೆ ಮೇಷ್ಟರು ಕಾರು ತರುತ್ತಾರೆ, ಹಿಂಜ್ ಸಡಿಲಿಸಿ ಅದನ್ನೂ ಕೂರಿಸಿಕೊಡುತ್ತೇನೆ.