200 ಯೂನಿಟ್ಟಿನ ಗೆರೆ ಮತ್ತು ನಮ್ಮ ಮನೆಯ ಫ್ರಿಜ್

ಕಲಬುರಗಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿತೆಂದರೆ ಕೂಲರ್ ಹಗಲೂ ರಾತ್ರಿಯೂ ತಿರುಗಲೇಬೇಕು. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ ತಿಂಗಳಿಗೆ ನಮ್ಮ ಪಾಲು 176 ಯೂನಿಟ್. ಹಿಂದಿನ ಸರಾಸರಿ 160, ಅದರ ಮೇಲೆ ಶೇಕಡಾ 10. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಹೀಗಾಗಿ ಮೇ ತಿಂಗಳಲ್ಲಿ ಕೊನೆಯ ನಾಲ್ಕೈದು ಯೂನಿಟ್‌ಗಳ ಬೆಲೆ ಸಾವಿರ ರೂಪಾಯಿಗೂ ಹೆಚ್ಚು. ಕೂಲರ್ ಮುಟ್ಟುವಂತಿಲ್ಲ. ಉಳಿದದ್ದು ಫ್ರಿಜ್.

ಸಾಕೆಟ್ಟಿಗೂ ಫ್ರಿಜ್‌ನ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಸಣ್ಣ ಮೀಟರ್ ತಂದೆ. ಅದರಲ್ಲಿ ವಾಟ್ ನೋಡಿ ಪ್ರಯೋಜನವಿಲ್ಲ, ಕಂಪ್ರೆಸರ್ ಓಡುವಾಗ ಒಂದು, ನಿಂತಾಗ ಇನ್ನೊಂದು. 24 ಗಂಟೆಯ ಯೂನಿಟ್ ನೋಡಬೇಕು. ಇಂಥ ಮೀಟರ್ ಇಲ್ಲದವರಿಗೆ ಮನೆಯ ಮೀಟರಿನ ಕೆಂಪು ದೀಪವೇ ಸಾಕು. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂದು ಮೇಲೆಯೇ ಅಚ್ಚಾಗಿರುತ್ತದೆ. ನಮ್ಮದರಲ್ಲಿ 3200. ಉಳಿದುದನ್ನೆಲ್ಲ ಆರಿಸಿ, ಕಂಪ್ರೆಸರ್ ಓಡುವಾಗ ಎಣಿಸಿದರೆ, 32 ಮಿನುಗಿಗೆ ಆರು ನಿಮಿಷ ಹಿಡಿದಲ್ಲಿ ಅದು 100 ವಾಟ್ ಎಳೆಯುತ್ತಿದೆ ಎಂದು ತಿಳಿಯಬಹುದು.

ನಮ್ಮದು 190 ಲೀಟರಿನ ಒಂಟಿ ಬಾಗಿಲಿನ ಫ್ರಿಜ್. ಎಷ್ಟು ಕರೆಂಟು ತಿನ್ನುತ್ತದೆ ಎಂದು ಅದರ ಮೇಲೆ ಅಂಟಿಸಿರುವ ಸ್ಟಾರ್ ಚೀಟಿಯ ಲೆಕ್ಕದಲ್ಲಿ ದಿನಕ್ಕೆ ಅರ್ಧ ಯೂನಿಟ್ ಸಾಕು. ಬೇಸಿಗೆಯಲ್ಲಿ ಮೀಟರ್ ತೋರಿಸಿದ್ದು 1.1. ಚೀಟಿಯ ಅಂಕಿ ಬಾಗಿಲು ತೆರೆಯದೆ ಪ್ರಯೋಗಾಲಯದಲ್ಲಿ ಪಡೆದದ್ದು. ನಮ್ಮ ಫ್ರಿಜ್ ಇದ್ದದ್ದು ಅಡುಗೆಮನೆಯ ಪಡುವಣ ಗೋಡೆಗೆ ಅಂಟಿಕೊಂಡು, ಗ್ಯಾಸ್ ಒಲೆಯಿಂದ ಒಂದು ಮೊಳ ದೂರದಲ್ಲಿ. ಈಗಿನ ಫ್ರಿಜ್‌ಗಳಲ್ಲಿ ಶಾಖ ಹೊರಹಾಕುವ ಕೊಳವೆ ಹಲವು ಸಲ ಪಕ್ಕದ ತಗಡಿನೊಳಗೇ ಅಡಗಿರುತ್ತದೆ, ಹಾಗಾಗಿ ಹಿಂದೆ ಜಾಗ ಬಿಟ್ಟರೆ ಸಾಲದು, ಅಕ್ಕಪಕ್ಕದಲ್ಲೂ ಬಿಡಬೇಕು. ಪಡಸಾಲೆಯ ಒಳಗೋಡೆಗೆ ಸರಿಸಿದ ಮೇಲೆ ಅಂಕಿ 0.8ಕ್ಕೆ ಇಳಿಯಿತು. ಮೊಸರಿಗೂ ಹಸಿಮೆಣಸಿನಕಾಯಿಗೂ ಪಡಸಾಲೆಗೆ ಓಡಬೇಕೇ ಎಂದು ಅವ್ವ ಇಂದಿಗೂ ಗೊಣಗುತ್ತಾಳೆ. ಆಕೆಯ ಮಾತೂ ಸುಳ್ಳಲ್ಲ.

ಆಮೇಲೆ ಬಾಗಿಲಿನ ರಬ್ಬರ್. ಹತ್ತರ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಸುತ್ತಲೂ ಎಳೆದು ನೋಡಿದೆ. ಎಲ್ಲೆಡೆ ಬಿಗಿ ಇತ್ತು, ಕೆಳಗಿನ ಮೂಲೆಯಲ್ಲಿ ಮಾತ್ರ ನೋಟು ಸಲೀಸಾಗಿ ಜಾರಿ ಬಂತು. ಸಾಬೂನು ನೀರಿನಲ್ಲಿ ಒರೆಸಿದರೂ ಸರಿಹೋಗದೆ ರಬ್ಬರನ್ನೇ ಬದಲಿಸಬೇಕಾಯಿತು. ಫ್ರೀಜರಿನ ಮಂಜುಗಡ್ಡೆ ದಪ್ಪವಾಗುವ ಮೊದಲೇ ಡಿಫ್ರಾಸ್ಟ್ ಗುಂಡಿ ಒತ್ತುತ್ತೇನೆ. ಚಾಕುವಿನಿಂದ ಕೆರೆಯಲು ಯಾರಿಗೂ ಬಿಡುವುದಿಲ್ಲ. ಕೊಳವೆ ತೂತಾದರೆ ಗ್ಯಾಸ್ ಹೋಗಿ ಫ್ರಿಜ್ ಗುಜರಿಗೆ ಸೇರಬೇಕಾದೀತು.

ಮಕ್ಕಳು ಪದೇ ಪದೇ ಬಾಗಿಲು ತೆರೆಯುತ್ತಾರೆಂದು ಬೈಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮ ಮೀಟರಿನಲ್ಲಿ ಅದರ ಪರಿಣಾಮ ಎದ್ದು ಕಾಣಲಿಲ್ಲ. ಎದ್ದು ಕಂಡದ್ದು ನೀರಿನ ಬಾಟಲಿಗಳು. 35 ಡಿಗ್ರಿಯ ಒಂದು ಲೀಟರ್ ನೀರನ್ನು 5 ಡಿಗ್ರಿಗೆ ಇಳಿಸಲು ಸುಮಾರು 35 ವಾಟ್-ಗಂಟೆಯಷ್ಟು ಶಾಖವನ್ನು ಹೊರಹಾಕಬೇಕು. ಕರೆಂಟು ಅಷ್ಟು ಪೂರ್ತಿ ಬೇಡ, ಅದರ ಅರ್ಧದಷ್ಟಾದರೂ ಬೇಕು. ದಿನಕ್ಕೆ ಎಂಟು ಹತ್ತು ಬಾಟಲಿ ತುಂಬಿ ಇಟ್ಟರೆ ತಿಂಗಳಿಗೆ ಐದು ಯೂನಿಟ್ ಅಲ್ಲೇ ಹೋಯಿತು. ಈಗ ನೀರು ರಾತ್ರಿಯಿಡೀ ಮಣ್ಣಿನ ಗಡಿಗೆಯಲ್ಲಿ ತಣಿಯುತ್ತದೆ. ನೆಂಟರಿಗೆಂದು ಎರಡು ಬಾಟಲಿ ಮಾತ್ರ ಒಳಗೆ ಹೋಗುತ್ತವೆ.

ಸದ್ಯ ದಿನಕ್ಕೆ 0.6 ಯೂನಿಟ್. ಐದು ಸ್ಟಾರಿನ ಹೊಸದನ್ನು ತನ್ನಿ ಎಂದವರಿದ್ದಾರೆ. ಅದು 0.3ರಲ್ಲಿ ಓಡಿದರೂ ವರ್ಷಕ್ಕೆ ಉಳಿಯುವುದು 110 ಯೂನಿಟ್, ತೆರಿಗೆ ಸೇರಿಸಿದರೂ ಏಳೆಂಟುನೂರು ರೂಪಾಯಿ. ಹದಿನೆಂಟು ಸಾವಿರ ಹಾಕಿ ಅಷ್ಟನ್ನು ಉಳಿಸುವ ಆತುರ ನನಗಿಲ್ಲ. ಕಂಪ್ರೆಸರ್ ಕೆಟ್ಟಾಗ ನೋಡೋಣ. ಕೊಳ್ಳುವಾಗ ಸ್ಟಾರ್ ಎಣಿಸುವುದಕ್ಕಿಂತ ಚೀಟಿಯಲ್ಲಿರುವ ವಾರ್ಷಿಕ ಯೂನಿಟ್ ಮತ್ತು ಅದರ ಅವಧಿಯ ವರ್ಷ ನೋಡುತ್ತೇನೆ. ಸ್ಟಾರಿನ ಅಳತೆಗೋಲನ್ನು ಆಗಾಗ ಬಿಗಿಗೊಳಿಸುತ್ತಾರೆ, ಹಳೆಯ ಚೀಟಿಯ ಐದು ಈಗಿನ ಮೂರೂ ಆಗಿರಬಹುದು.