20 ರೂಪಾಯಿ ದಂಡದ ಕೇಸು: ಕ್ಲಾಸಿನಲ್ಲಿ ನಾನು ನಡೆಸಿದ ವಿಚಾರಣೆ

ಕಾನೂನು ಕಾಲೇಜುಗಳಲ್ಲಿ ಅಣಕು ನ್ಯಾಯಾಲಯ ಅಂದರೆ ಹೆಚ್ಚಾಗಿ ಮೇಲ್ಮನವಿಯ ವಾದವೇ. ಕರಿಕೋಟು ಹಾಕಿಕೊಂಡು, ತೀರ್ಪುಗಳ ಪಟ್ಟಿ ಹಿಡಿದುಕೊಂಡು ಎರಡೂ ಕಡೆಯವರು ಮಾತಾಡುತ್ತಾರೆ. ಸಾಕ್ಷಿ ಇಲ್ಲ, ಪಾಟೀಸವಾಲಿಲ್ಲ. ಅಶ್ಲೀಲತೆಯ ಕಾನೂನು ಪಾಠ ಮಾಡುವಾಗ ನನಗೆ ಇದು ಸಾಲದು ಅನಿಸಿತು. ಒಂದು ಪುಸ್ತಕ ಜನರನ್ನು ಕೆಡಿಸುತ್ತದೆ ಅಂತ ಸರ್ಕಾರ ಕೇಸು ಹಾಕಿದರೆ ಅದು ಶುರುವಾಗುವುದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ಅಲ್ಲಿ ಕಟಕಟೆಯಲ್ಲಿ ಯಾರಿದ್ದರು, ಸಾಕ್ಷಿ ಹೇಳಿದವರು ಯಾರು ಅನ್ನೋದು ಗೊತ್ತಿಲ್ಲದೆ ಸುಪ್ರೀಂ ಕೋರ್ಟಿನ ಸಾಲುಗಳನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಹಾಗಾಗಿ ವಿಚಾರಣೆಯನ್ನೇ ಕ್ಲಾಸಿಗೆ ತಂದೆ.

ಯಾವ ಕೇಸು ತಗೊಳ್ಳಬೇಕು ಅನ್ನೋದು ಮೊದಲ ಪ್ರಶ್ನೆ. ಹುಡುಗರು ಕೇಳಿದ್ದು ನಮ್ಮದೇ ರಾಜ್ಯದ 'ಧರ್ಮಕಾರಣ'. ಪಿ.ವಿ. ನಾರಾಯಣ ಅವರ ಆ ಕಾದಂಬರಿಯನ್ನು ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತ್ತು. ಬರಗೂರು ರಾಮಚಂದ್ರಪ್ಪ ಮೊದಲಾದವರು ಅದನ್ನು ಪ್ರಶ್ನಿಸಿದರು. 2007ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಮುಖ್ಯವಾದ ಕೇಸು, ಅನುಮಾನವಿಲ್ಲ. ಆದರೆ ಅದು ಒಂದು ಸಮುದಾಯದ ಭಾವನೆಗೆ ಧಕ್ಕೆಯಾಯಿತು ಅನ್ನುವ ವಿಷಯ. ಕ್ಲಾಸಿನಲ್ಲಿ ಎತ್ತಿಕೊಂಡರೆ ಹತ್ತು ನಿಮಿಷದಲ್ಲಿ ಕಾನೂನು ಪಕ್ಕಕ್ಕೆ ಹೋಗಿ ಜಾತಿ ಜಗಳ ಮುಂದಕ್ಕೆ ಬರುತ್ತದೆ. ನನಗೆ ಬೇಕಾಗಿದ್ದು 'ನೀತಿ ಕೆಡುತ್ತದೆ' ಅನ್ನುವ ಒಂದೇ ಕಾರಣಕ್ಕೆ ನಡೆದ ಕೇಸು. ಅದಕ್ಕೆ ರಂಜಿತ್ ಉದೇಶಿ ಕೇಸಿಗಿಂತ ಒಳ್ಳೆಯದು ಸಿಗಲಿಲ್ಲ.

ಕೇಸಿನ ಸಂಗತಿ ಇಷ್ಟು. ಬೊಂಬಾಯಿಯಲ್ಲಿ 'ಹ್ಯಾಪಿ ಬುಕ್ ಸ್ಟಾಲ್' ಅಂತ ಒಂದು ಪುಸ್ತಕದಂಗಡಿ. ನಾಲ್ವರು ಪಾಲುದಾರರು, ಅವರಲ್ಲೊಬ್ಬರು ಉದೇಶಿ. 1959ರ ಡಿಸೆಂಬರಿನಲ್ಲಿ ಪೊಲೀಸರು ಕಳಿಸಿದ ನಕಲಿ ಗಿರಾಕಿ ಬಂದು ಡಿ.ಎಚ್. ಲಾರೆನ್ಸ್‌ನ 'ಲೇಡಿ ಚಾಟರ್ಲೀಸ್ ಲವರ್' ಕೊಂಡುಕೊಂಡ. ಏನನ್ನೂ ಕತ್ತರಿಸದ, ಪೂರ್ತಿ ಆವೃತ್ತಿ. ಅಶ್ಲೀಲ ಪುಸ್ತಕ ಮಾರುವುದು ಅಪರಾಧ ಅನ್ನುವ ಭಾರತೀಯ ದಂಡ ಸಂಹಿತೆಯ 292ನೇ ಕಲಂ ಪ್ರಕಾರ ನಾಲ್ವರ ಮೇಲೂ ಕೇಸು. ಮ್ಯಾಜಿಸ್ಟ್ರೇಟರು ತಲಾ 20 ರೂಪಾಯಿ ದಂಡ ಹಾಕಿದರು, ಕಟ್ಟದಿದ್ದರೆ ಒಂದು ವಾರ ಸಾದಾ ಸಜೆ. ಹೈಕೋರ್ಟು ಒಪ್ಪಿತು. 1964ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೂ ಒಪ್ಪಿತು. ತೀರ್ಪು ಬರೆದವರು ಹಿದಾಯತುಲ್ಲಾ.

ಬರೆದ ಲಾರೆನ್ಸ್ ತೀರಿಹೋಗಿ ಆಗಲೇ ಮೂವತ್ತು ವರ್ಷದ ಹತ್ತಿರ. ಕಟಕಟೆ ಹತ್ತಿದ್ದು ಅಂಗಡಿಯವರು. ಇದನ್ನು ಹುಡುಗರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವರು ಲಾರೆನ್ಸ್ ಪರ ವಕಾಲತ್ತು ಹಾಕಿಕೊಂಡು ಕೂತುಬಿಡುತ್ತಾರೆ.

ತಯಾರಿಯಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಓದುವ ವಿಷಯ. ಕಾದಂಬರಿಯನ್ನು ಪೂರ್ತಿ ಓದಲೇಬೇಕು ಅಂತ ನಿಯಮ ಮಾಡಿದೆ. ಎಲ್ಲರೂ ಓದಲ್ಲ, ಅದು ಬೇರೆ ಮಾತು. ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತಾರೆ, ಅಷ್ಟು ಸಾಕು. ಪೆನ್ಸಿಲ್ ಗುರುತಿರುವ ಪುಟಗಳನ್ನಷ್ಟೇ ಓದಿದವರು ಪ್ರಾಸಿಕ್ಯೂಷನ್ ಕಡೆ ಬಹಳ ಜೋರಾಗಿ ವಾದಿಸುತ್ತಾರೆ ಅನ್ನೋದನ್ನೂ ಗಮನಿಸಿದ್ದೇನೆ. ಪೂರ್ತಿ ಓದಿದವರಿಗೆ ಕಲ್ಲಿದ್ದಲು ಗಣಿ, ಗಣಿ ಕೆಲಸಗಾರರ ಊರು, ಯುದ್ಧದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಗಂಡ, ದೊಡ್ಡಮನೆಯ ಹೆಂಗಸು ಕಾಡು ಕಾಯುವವನನ್ನು ಕಟ್ಟಿಕೊಂಡರೆ ಜನ ಏನೆಂದಾರು ಅನ್ನುವ ಅಂಜಿಕೆ, ಇವೆಲ್ಲ ಕಾಣುತ್ತವೆ. ಅವರ ವಾದ ನಿಧಾನವಾಗುತ್ತದೆ.

ಎರಡನೇ ನಿಯಮ: ಯಾವ ಭಾಗವನ್ನೂ ಕ್ಲಾಸಿನಲ್ಲಿ ಗಟ್ಟಿಯಾಗಿ ಓದುವಂತಿಲ್ಲ. ಪುಟ ಮತ್ತು ಪ್ಯಾರಾ ಹೇಳಬೇಕು, ಮ್ಯಾಜಿಸ್ಟ್ರೇಟ್ ಪಾತ್ರದವರು ಮನಸ್ಸಿನಲ್ಲೇ ಓದಿಕೊಳ್ಳಬೇಕು. ಇದು ಮಡಿವಂತಿಕೆ ಅಲ್ಲ. ಗಟ್ಟಿಯಾಗಿ ಓದಿದರೆ ಹಿಂದಿನ ಬೆಂಚು ನಗುತ್ತದೆ, ನಕ್ಕ ಕೂಡಲೇ ಪುಸ್ತಕ ಅಶ್ಲೀಲ ಅಂತ ತೀರ್ಮಾನವಾದಂತೆಯೇ.

ಸ್ಟಾಫ್ ರೂಮಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು, "ನಮಗೇನೂ ತೊಂದರೆ ಇಲ್ಲಪ್ಪ, ಮಕ್ಕಳಿದ್ದಾರಲ್ವಾ?" ಮಕ್ಕಳು ಅಂದರೆ ಎಲ್‌ಎಲ್‌ಬಿ ಓದುತ್ತಿರುವವರು. ಅವರಲ್ಲಿ ಕೆಲವರಿಗೆ ಮದುವೆಯಾಗಿ ಮಕ್ಕಳಿವೆ. ಆದರೆ ಆ ಮಾತು ನನಗೆ ಉಪಯೋಗಕ್ಕೆ ಬಂತು. ಅಶ್ಲೀಲ ಯಾವುದು ಅಂತ ಅಳೆಯಲು 1868ರಲ್ಲಿ ಇಂಗ್ಲೆಂಡಿನ ಕೋರ್ಟು ಹಾಕಿಕೊಟ್ಟ ಹಿಕ್ಲಿನ್ ಪರೀಕ್ಷೆ ಹೇಳುವುದೂ ಇದನ್ನೇ. ಇಂಥ ಪ್ರಭಾವಕ್ಕೆ ಒಳಗಾಗಬಲ್ಲ ಮನಸ್ಸಿನವರ ಕೈಗೆ ಪುಸ್ತಕ ಬಿದ್ದರೆ ಅವರು ಕೆಡುವ ಸಾಧ್ಯತೆ ಇದೆಯೇ ಅನ್ನೋದು ಅದರ ಪ್ರಶ್ನೆ. ಹೇಳುವವನು ಯಾವತ್ತೂ ಕೆಡುವುದಿಲ್ಲ. ಕೆಡುವವನು ಬೇರೆ ಯಾರೋ.

ಅದಕ್ಕೇ ಒಂದು ಹಾಳೆ ಮಾಡಿದೆ. ವಿಚಾರಣೆಗೆ ಮೊದಲು ಪ್ರಾಸಿಕ್ಯೂಷನ್ ತಂಡ ಅದನ್ನು ತುಂಬಿಕೊಡಬೇಕು. ಈ ಪುಸ್ತಕದಿಂದ ಕೆಡುವವರು ಯಾರು? ವಯಸ್ಸೆಷ್ಟು? ಏನು ಓದಿದ್ದಾರೆ? ಇಂಗ್ಲಿಷ್ ಬರುತ್ತದೆಯೇ? ಪುಸ್ತಕ ಕೊಳ್ಳಲು ದುಡ್ಡು ಎಲ್ಲಿಂದ ಬಂತು? ಕೆಡುವುದು ಅಂದರೆ ಏನು ಮಾಡುತ್ತಾರೆ? ಕೊನೆಯ ಸಾಲಿನ ಹತ್ತಿರ ಪೆನ್ನು ನಿಂತುಬಿಡುತ್ತದೆ. 1959ರ ಬೊಂಬಾಯಿಯಲ್ಲಿ ಲಾರೆನ್ಸ್‌ನ ಇಂಗ್ಲಿಷನ್ನು ಮುನ್ನೂರು ಪುಟ ಓದುವವನು ಎಂಥವನು ಅಂತ ಯೋಚಿಸಲು ಶುರು ಮಾಡಿದರೆ ಪ್ರಾಸಿಕ್ಯೂಷನ್ನಿಗೇ ಇಕ್ಕಟ್ಟು. ಒಂದು ತಂಡ 'ಮನೆಗೆಲಸದವರು' ಅಂತ ಬರೆದಿತ್ತು. ಅವರಿಗೆ ಗೊತ್ತಿರಲಿಲ್ಲ, 1960ರಲ್ಲಿ ಲಂಡನ್ನಿನಲ್ಲಿ ಇದೇ ಪುಸ್ತಕಕ್ಕಾಗಿ ಅದರ ಪ್ರಕಾಶಕರಾದ ಪೆಂಗ್ವಿನ್ ಮೇಲೆ ಕೇಸು ನಡೆದಾಗ ಸರ್ಕಾರಿ ವಕೀಲ ಜೂರಿಯನ್ನು ಕೇಳಿದ್ದೂ ಹಾಗೇ. ನಿಮ್ಮ ಹೆಂಡತಿ, ನಿಮ್ಮ ಮನೆಯ ಆಳುಗಳು ಇದನ್ನು ಓದಲಿ ಅಂತ ಬಯಸುತ್ತೀರಾ ಅಂತ. ಆ ಜೂರಿಯಲ್ಲಿ ಮೂವರು ಹೆಂಗಸರಿದ್ದರು. ಪೆಂಗ್ವಿನ್ ಖುಲಾಸೆಯಾಯಿತು.

ವಿಚಾರಣೆಯ ದಿನ ಪ್ರಾಸಿಕ್ಯೂಷನ್ನಿಗೆ ನಾನು ಕೊಡುವುದು ಎರಡೇ ಸಾಕ್ಷಿ, ನಕಲಿ ಗಿರಾಕಿ ಮತ್ತು ಪೊಲೀಸ್ ಇನ್‌ಸ್ಪೆಕ್ಟರ್. ನಿಜವಾದ ಕೇಸಿನಲ್ಲಿ ಇದ್ದದ್ದೂ ಅಷ್ಟೇ. "ಸರ್, ಪುಸ್ತಕ ಓದಿ ಕೆಟ್ಟವರನ್ನು ಕರೆಸಬಹುದಾ?" ಅಂತ ಯಾರಾದರೂ ಕೇಳುತ್ತಾರೆ. ಕರೆಸಿ ಅನ್ನುತ್ತೇನೆ. ಯಾರೂ ಆ ಪಾತ್ರಕ್ಕೆ ಎದ್ದು ಬರುವುದಿಲ್ಲ.

ಡಿಫೆನ್ಸ್ ಕಡೆ ಲೇಖಕ ಮುಲ್ಕ್ ರಾಜ್ ಆನಂದ್ ಇದ್ದಾರೆ. ಅವರು ನಿಜವಾಗಿಯೂ ಬಂದು ಇದು ದೊಡ್ಡ ಸಾಹಿತ್ಯ ಕೃತಿ, ಅಶ್ಲೀಲ ಅಲ್ಲ ಅಂತ ಸಾಕ್ಷಿ ನುಡಿದಿದ್ದರು. ಆ ಪಾತ್ರ ಮಾಡುವವರಿಗೆ ಒಳ್ಳೆಯ ಚಪ್ಪಾಳೆ ಬೀಳುತ್ತದೆ. ಆದರೆ ಕಲೆ ಯಾವುದು, ಅಶ್ಲೀಲ ಯಾವುದು ಅಂತ ತೀರ್ಮಾನಿಸುವುದು ಕೋರ್ಟಿನ ಕೆಲಸ, ಅದು ಸಾಕ್ಷಿಗಳ ಮಾತಿನ ಮೇಲಷ್ಟೇ ನಿಲ್ಲುವುದಿಲ್ಲ ಅಂತ ಹಿದಾಯತುಲ್ಲಾ ಬರೆದರು. ಇಡೀ ಕೃತಿಯನ್ನು ನೋಡಬೇಕು, ಆದರೆ ಆಕ್ಷೇಪದ ಭಾಗವನ್ನು ಬೇರೆಯಾಗಿಯೂ ತೂಗಬೇಕು ಅಂದರು. ಬೇರೆಯಾಗಿ ತೂಗಿದರೆ ಗಣಿಯೂ ಇಲ್ಲ, ಯುದ್ಧವೂ ಇಲ್ಲ. ನನ್ನ ಪ್ರಕಾರ ಡಿಫೆನ್ಸ್ ಸೋತದ್ದು ಅಲ್ಲೇ.

ಅಂಗಡಿಯವರ ವಾದ ನನಗೆ ಇಷ್ಟ. ಅಷ್ಟೊಂದು ಪುಸ್ತಕ ಇಟ್ಟುಕೊಂಡವನು ಪ್ರತಿಯೊಂದನ್ನೂ ಓದಿ ನೋಡಲು ಆಗುತ್ತದೆಯೇ? ಮನೆಯಲ್ಲಿ ಪುಸ್ತಕದ ವ್ಯಾಪಾರ ಇರುವ ಹುಡುಗನೊಬ್ಬ ಇದನ್ನು ಬಹಳ ಚೆನ್ನಾಗಿ ಮಂಡಿಸಿದ. ಬಂಡಲ್ ಬಿಚ್ಚಿ, ಬಿಲ್ಲು ತಾಳೆ ನೋಡಿ, ಕಪಾಟಿನಲ್ಲಿ ಜೋಡಿಸುವಷ್ಟರಲ್ಲಿ ಸಂಜೆಯಾಗುತ್ತದೆ, ಓದುವುದು ಯಾವಾಗ ಅಂತ ಕೇಳಿದ. ಸುಪ್ರೀಂ ಕೋರ್ಟಿನ ಉತ್ತರ ಗಡುಸಾಗಿದೆ. ಒಳಗೇನಿದೆ ಅಂತ ಗೊತ್ತಿರಬೇಕು ಅಂತ ಕಲಂ ಹೇಳುವುದಿಲ್ಲ. ಗೊತ್ತಿರಲಿಲ್ಲ ಅನ್ನೋದು ಶಿಕ್ಷೆ ಕಡಿಮೆ ಮಾಡಲು ಕಾರಣವಾಗಬಹುದು, ಅಷ್ಟೇ. ಆ ಹುಡುಗ ಸುಮ್ನೆ ಕೂತುಬಿಟ್ಟ.

ಮೊದಲ ಸುತ್ತನ್ನು 1964ರಲ್ಲಿದ್ದ ಕಾನೂನಿನ ಪ್ರಕಾರವೇ ನಡೆಸುತ್ತೇನೆ. ಆಗ 292ರಲ್ಲಿ ಸಾಹಿತ್ಯಕ್ಕೆ ವಿನಾಯಿತಿ ಇರಲಿಲ್ಲ. ದೇವಸ್ಥಾನದ ಶಿಲ್ಪಕ್ಕೆ, ದೇವರ ತೇರಿನ ಮೇಲಿನ ಕೆತ್ತನೆಗೆ ಇತ್ತು! ನಮ್ಮ ಊರುಗಳ ತೇರುಗಳನ್ನು ಬಗ್ಗಿ ನೋಡಿದವರಿಗೆ ಆ ವಿನಾಯಿತಿ ಯಾಕೆ ಬೇಕಾಯಿತು ಅಂತ ವಿವರಿಸಬೇಕಾಗಿಲ್ಲ. ಇಂಗ್ಲೆಂಡು 1959ರಲ್ಲೇ ಸಾಹಿತ್ಯ, ಕಲೆಯ ಹಿತಕ್ಕಾಗಿ ವಿನಾಯಿತಿ ತಂದಿತ್ತು. ಪೆಂಗ್ವಿನ್ನನ್ನು ಉಳಿಸಿದ್ದು ಅದೇ. ನಮ್ಮಲ್ಲಿ ಅದು ಬಂದದ್ದು 1969ರಲ್ಲಿ, ಹ್ಯಾಪಿ ಬುಕ್ ಸ್ಟಾಲಿನವರ ಶಿಕ್ಷೆ ಖಾಯಂ ಆಗಿ ಐದು ವರ್ಷದ ಮೇಲೆ.

ಎರಡನೇ ಸುತ್ತಿನಲ್ಲಿ ಅದೇ ಸಾಕ್ಷಿ, ಅದೇ ಪುಟ, ಹೊಸ ಕಾನೂನು. ಜೊತೆಗೆ ಸಮರೇಶ್ ಬಸು ಅವರ ಬಂಗಾಳಿ ಕಾದಂಬರಿ 'ಪ್ರಜಾಪತಿ' ಕೇಸಿನ 1985ರ ತೀರ್ಪು ಕೊಡುತ್ತೇನೆ. ನ್ಯಾಯಾಧೀಶ ಮೊದಲು ಲೇಖಕನ ಜಾಗದಲ್ಲಿ ನಿಂತು ನೋಡಬೇಕು, ಆಮೇಲೆ ಬೇರೆ ಬೇರೆ ವಯಸ್ಸಿನ ಓದುಗರ ಜಾಗದಲ್ಲಿ ನಿಲ್ಲಬೇಕು ಅನ್ನುತ್ತದೆ ಅದು. ನನ್ನ ಮ್ಯಾಜಿಸ್ಟ್ರೇಟರು ತೀರ್ಪು ಹೇಳುವ ಮೊದಲು ಎರಡೂ ಕಡೆಯಿಂದ ಒಂದೊಂದು ಪುಟ ಬರೆಯಬೇಕು. ಲೇಖಕನ ಪುಟ ಸಲೀಸಾಗಿ ಬರುತ್ತದೆ. ಓದುಗರ ಪುಟ ಬರೆಯುವಾಗ ಹಳೇ ಹಾಳೆ ಮತ್ತೆ ಮೇಜಿನ ಮೇಲೆ ಬರುತ್ತದೆ. ಈಗ ಆ 'ಯಾರೋ' ಅನ್ನುವವನಿಗೆ ವಯಸ್ಸು, ಕೆಲಸ, ಬುದ್ಧಿ ಎಲ್ಲ ಇರಬೇಕು. ಹೀಗೆ ಬರೆದ ಮೇಲೆ ಖುಲಾಸೆಯೇ ಜಾಸ್ತಿ.

ಯಾವಾಗಲೂ ಅಲ್ಲ. ಒಂದು ಬ್ಯಾಚಿನ ಮ್ಯಾಜಿಸ್ಟ್ರೇಟ್ ಎರಡನೇ ಸುತ್ತಿನಲ್ಲೂ ಶಿಕ್ಷೆ ಕೊಟ್ಟಳು. ಓದುಗಳಾಗಿ ತನ್ನನ್ನೇ ಇಟ್ಟುಕೊಂಡಿದ್ದಳು. ಕಾದಂಬರಿಯ ಗಂಡಸು ಹೆಣ್ಣಿನ ಬಗ್ಗೆ ಆಡುವ ಮಾತುಗಳು ತನಗೆ ಹೇಸಿಗೆ ತಂದವು ಅಂತ ಬರೆದಿದ್ದಳು. ಡಿಫೆನ್ಸ್ ವಕೀಲ ತಕ್ಷಣ ಎದ್ದ. "ಹೇಸಿಗೆ ಬಂತು ಅಂದರೆ ನೀವು ಕೆಟ್ಟಿಲ್ಲ ಅಂತಲ್ವಾ, ಸ್ವಾಮಿ?" ಗಂಟೆ ಹೊಡೆದ ಮೇಲೂ ಆ ವಾದ ನಿಲ್ಲಲಿಲ್ಲ. ಇಬ್ಬರಲ್ಲಿ ಯಾರು ಸರಿ ಅಂತ ನಾನು ಹೇಳಲಿಲ್ಲ. ಅಸಹ್ಯ ಮತ್ತು ಅಶ್ಲೀಲದ ನಡುವಿನ ಗೆರೆ ಎಲ್ಲಿ ಅನ್ನೋದನ್ನು ಮುಂದಿನ ಟೆಸ್ಟಿನ ಪ್ರಶ್ನೆಯಾಗಿ ಹಾಕಿದೆ.

ಈಗ ದೋಷಾರೋಪದ ಪ್ರತಿಯನ್ನು ಹೊಸದಾಗಿ ಬರೆಯುತ್ತಿದ್ದೇನೆ. 2024ರ ಜುಲೈ 1ರಿಂದ 292ರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ ಬಂದಿದೆ. ಸಾಹಿತ್ಯದ ವಿನಾಯಿತಿ ಹಾಗೇ ಇದೆ. ಎಲೆಕ್ಟ್ರಾನಿಕ್ ರೂಪವೂ ಸೇರಿಕೊಂಡಿದೆ. ಮೊದಲ ಸಲ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ. ಮಾರಿದವನಷ್ಟೇ ಅಲ್ಲ, ಹಂಚಿದವನೂ ಆರೋಪಿಯಾಗಬಹುದು. ಈ ಸಲದ ಕೇಸಿನಲ್ಲಿ ಅಂಗಡಿ ಇಲ್ಲ. ಒಂದು ವಾಟ್ಸಾಪ್ ಗ್ರೂಪಿದೆ, ಕಾದಂಬರಿಯೊಂದರ ಪಿಡಿಎಫ್ ಇದೆ, ಅದನ್ನು ಓದದೇ ಫಾರ್ವರ್ಡ್ ಮಾಡಿದ ನಾಲ್ವರಿದ್ದಾರೆ.