ಕಂಪೈಲರ್ ತುಂಬ ಹರಡಿದ್ದ 'ಆರ್ಗ್' ಬದಲಿಸಿದ್ದು: ನನ್ನ ಅನುಭವ

ನಾನು ಕೆಲಸ ಮಾಡುವ ಕಂಪೈಲರ್ (ನಾವು ಬರೆದ ಕೋಡ್ ಅನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವ ಪ್ರೋಗ್ರಾಂ) ಸಿ ಪ್ಲಸ್ ಪ್ಲಸ್‌ನಲ್ಲಿದೆ, ಕೋಡ್ ಹಳೆಯದು. ಅದರಲ್ಲಿ ಫಂಕ್ಷನ್ ಬರೆಯುವಾಗ ಅದು ತೆಗೆದುಕೊಳ್ಳುವ ವ್ಯಾಲ್ಯೂಗೆ ಕೊಡುವ ಹೆಸರೂ 'ಆರ್ಗ್' (ಆರ್ಗ್ಯುಮೆಂಟ್), ಕಾಲ್ ಮಾಡುವಾಗ ಕಳಿಸುವ ವ್ಯಾಲ್ಯೂ ಕೂಡ 'ಆರ್ಗ್'. ಮೊದಲನೆಯದನ್ನು 'ಪ್ಯಾರಮ್' (ಪ್ಯಾರಾಮೀಟರ್) ಮಾಡಬೇಕಿತ್ತು, ಎರಡನೆಯದು ಹಾಗೇ ಇರಬೇಕಿತ್ತು. ಇಂಥ ಕೆಲಸ ಅಪರೂಪವೇನಲ್ಲ. ರಸ್ಟ್ ಕಂಪೈಲರ್‌ನಲ್ಲೂ 2018ರಲ್ಲಿ 'ಟ್ರಾನ್ಸ್' ಹೋಗಿ 'ಕೋಡ್‌ಜೆನ್' ಬಂತು, 2023ರಲ್ಲಿ 'ಸಬ್‌ಸ್ಟ್ಸ್' ಹೋಗಿ 'ಆರ್ಗ್ಸ್' ಬಂತು.

ಸುಮ್ನೆ ಫೈಂಡ್-ರೀಪ್ಲೇಸ್ ಹೊಡೆದರೆ ಕೆಲಸ ಕೆಡುತ್ತದೆ. 'ಟಾರ್ಗೆಟ್' ಅನ್ನುವುದರ ಇಂಗ್ಲಿಷ್ ಅಕ್ಷರಗಳ ನಡುವೆಯೇ 'ಆರ್ಗ್' ಕೂತಿದೆ. ಕಂಪೈಲರ್‌ನಲ್ಲಿ ಟಾರ್ಗೆಟ್ ಎಷ್ಟು ಕಡೆ ಬರುತ್ತದೆ ಅಂತ ಹೇಳಬೇಕಾ! ಪೂರ್ತಿ ಪದವನ್ನೇ ಹುಡುಕಿದರೂ ಯಾವುದು ಯಾವ ಅರ್ಥದ್ದು ಅಂತ ತಿಳಿಯುವುದಿಲ್ಲ.

ಹಾಗಾಗಿ ಡಿಕ್ಲರೇಶನ್‌ನಿಂದ, ಅಂದರೆ ಹೆಸರನ್ನು ಘೋಷಿಸುವ ಜಾಗದಿಂದ, ಶುರು ಮಾಡಿದೆ. ಒಂದೊಂದೇ ಕ್ಲಾಸ್, ಒಂದೊಂದೇ ಫೀಲ್ಡ್ ಹಿಡಿದು, ಎಡಿಟರ್‌ಗೆ ಸಿ ಪ್ಲಸ್ ಪ್ಲಸ್ ಕೋಡ್ ಅರ್ಥ ಮಾಡಿಸುವ ಕ್ಲ್ಯಾಂಗ್‌ಡಿ ಅನ್ನುವ ಟೂಲ್‌ನ ರೀನೇಮ್ ಕೊಟ್ಟೆ. ಅದು ಬರೀ ಅಕ್ಷರ ನೋಡುವುದಿಲ್ಲ, ಹೆಸರು ಯಾವ ಡಿಕ್ಲರೇಶನ್‌ಗೆ ಸೇರಿದ್ದು ಅಂತ ನೋಡುತ್ತದೆ. ಆದರೆ ಬೇರೆ ಪ್ಲಾಟ್‌ಫಾರ್ಮ್‌ಗೆಂದು ಇಫ್‌ಡೆಫ್ (ಷರತ್ತು ಹೊಂದಿದರೆ ಮಾತ್ರ ಕೋಡ್ ಸೇರಿಸುವ ಸೂಚನೆ) ಒಳಗಿಟ್ಟ ಕೋಡ್ ಅದರ ಕಣ್ಣಿಗೆ ಬೀಳುವುದಿಲ್ಲ. ಮ್ಯಾಕ್ರೊ ಎರಡು ತುಂಡು ಅಂಟಿಸಿ ಹುಟ್ಟಿಸುವ ಹೆಸರುಗಳ ಕಥೆಯೂ ಅಷ್ಟೇ. ಅದಕ್ಕೆ ಎಲ್ಲ ಪ್ಲಾಟ್‌ಫಾರ್ಮ್‌ಗೂ ಬಿಲ್ಡ್ ಹಾಕಿ, ಬಂದ ಎರರ್ ನೋಡಿಕೊಂಡು ಉಳಿದದ್ದನ್ನು ಕೈಯಲ್ಲೇ ತಿದ್ದಿದೆ.

ಜಾಸ್ತಿ ತಲೆನೋವು ಸ್ಟ್ರಿಂಗ್‌ಗಳದ್ದು. ಎರರ್ ಮೆಸೇಜ್‌ನಲ್ಲಿ ಹಳೆ ಪದ ಉಳಿದರೆ ಬಿಲ್ಡ್ ತುಟಿಪಿಟಕ್ಕೆನ್ನುವುದಿಲ್ಲ. ತಿದ್ದಿದರೆ ಟೆಸ್ಟ್‌ಗಳು ಸಾಲಾಗಿ ಫೇಲ್ ಆಗುತ್ತವೆ, ಬರಬೇಕಾದ ಮೆಸೇಜ್ ಅವುಗಳಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿರುತ್ತದಲ್ಲ. ಹೊಸ ಔಟ್‌ಪುಟ್ ಅನ್ನು ಸ್ಕ್ರಿಪ್ಟ್‌ನಿಂದಲೇ ತುಂಬಿಸಿದೆ. ಡಿಫ್ (ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಪಟ್ಟಿ) ಮಾತ್ರ ಒಂದೊಂದು ಸಾಲೂ ಬಿಡದೆ ಓದಿದೆ. ಪದದ ಜೊತೆ ಲೈನ್ ನಂಬರ್ ಕೂಡ ಬದಲಾಗಿದ್ದರೆ ಅಲ್ಲೇ ನಿಂತು ಕಾರಣ ಹುಡುಕುತ್ತಿದ್ದೆ.

ಕಮಾಂಡ್ ಲೈನ್ ಆಪ್ಷನ್‌ಗಳನ್ನು ಮುಟ್ಟಲಿಲ್ಲ. ಎಷ್ಟೋ ಜನರ ಬಿಲ್ಡ್ ಸ್ಕ್ರಿಪ್ಟ್ ಅವುಗಳನ್ನೇ ನಂಬಿಕೊಂಡಿರುತ್ತದೆ. ನಮ್ಮ ಅಚ್ಚುಕಟ್ಟಿಗೆ ಅವರಿಗೆ ಯಾಕೆ ತೊಂದರೆ, ಅಲ್ವಾ?

ಕೋಡ್‌ನ ಹೆಸರುಗಳಿಗೆ ಒಂದು ಕಮಿಟ್ (ಒಟ್ಟಿಗೆ ದಾಖಲಿಸುವ ಬದಲಾವಣೆ), ಮೆಸೇಜ್ ಮತ್ತು ಟೆಸ್ಟ್‌ಗಳಿಗೆ ಇನ್ನೊಂದು. ಮೊದಲ ಕಮಿಟ್‌ನಲ್ಲಿ ಒಂದು ಟೆಸ್ಟ್‌ನ ಔಟ್‌ಪುಟ್ ಕೂಡ ಬದಲಾಗುವಂತಿಲ್ಲ. ಹಾಗಿದ್ದರೆ ರಿವ್ಯೂ ಮಾಡುವವರಿಗೂ ಧೈರ್ಯ. ಮರ್ಜ್ ಆದ ಮೇಲೆ ಆ ಮೊದಲ ಕಮಿಟ್‌ನ ಹ್ಯಾಶ್ (ಗುರುತಿನ ಸಂಖ್ಯೆ) ಅನ್ನು ಬ್ಲೇಮ್, ಅಂದರೆ ಯಾವ ಸಾಲು ಕೊನೆಗೆ ಯಾರು ಬದಲಿಸಿದ್ದು ಅಂತ ತೋರಿಸುವ ಗಿಟ್ ಕಮಾಂಡ್, ಬಿಟ್ಟುಬಿಡುವ ಪಟ್ಟಿಗೆ ಸೇರಿಸಿದೆ. ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಈ ಸೌಲಭ್ಯ 2019ರ 2.23 ಆವೃತ್ತಿಯಿಂದ ಇದೆ, ಪ್ರತಿಯೊಬ್ಬರೂ ತಮ್ಮ ಕಾನ್ಫಿಗ್‌ನಲ್ಲಿ ಒಮ್ಮೆ ಹಾಕಿಕೊಳ್ಳಬೇಕು. ಹಾಕಿಕೊಳ್ಳದವರಿಗೆ ಅರ್ಧ ಕಂಪೈಲರ್ ಬರೆದವನು ನಾನೇ ಅಂತ ಈಗಲೂ ಕಾಣಿಸುತ್ತದೆ.